ಕರೆದರೆ ಬರಬಾರದು

ಕೇಶ್ವಾಪುರ ಬಿಡುವ ಮುನ್ನ

ಸುಮಾತ್ರಾದಿಂದ ಬಂದು ಎರಡು ತಿಂಗಳಾಯಿತು. ಚರ್ಚಿನಲ್ಲಿ, ಕಾಯಿಪಲ್ಲೆ ಅಂಗಡಿಯಲ್ಲಿ, ಓಣಿಯ ಮೂಲೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ, "ಏನೇನ್ ನೋಡಿದ್ರಿ ಅಕ್ಕೋರ?" ಅಲ್ಲಿ ಜ್ವಾಲಾಮುಖಿ ಇದೆಯಂತೆ, ನಾನು ನೋಡಲಿಲ್ಲ. ಸಮುದ್ರದಂಥ ಸರೋವರ ಇದೆಯಂತೆ, ಅದನ್ನೂ ನೋಡಲಿಲ್ಲ. ಪಪ್ಪಾಯಿ ಹೆಚ್ಚಿದೆ, ಮೂರು ವಾರ ಬಟ್ಟೆ ಒಗೆದೆ, ಒಂದು ಹಕ್ಕಿಗೆ ಮಾಡಬಾರದ್ದನ್ನು ಮಾಡಿದೆ. ಇಷ್ಟು ಹೇಳಿದರೆ ಕೇಳಿದವರ ಮುಖ ಸಣ್ಣದಾಗುತ್ತದೆ. "ಇದಕ್ಕ ಅಷ್ಟ ದೂರ ಹೋಗಬೇಕಿತ್ತೇನ್ರಿ?" ಎನ್ನುತ್ತಾರೆ. ಓಣಿಯಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಧಾರವಾಡದ ಒಂದು ಹುಡುಗಿಯರ ಬೋರ್ಡಿಂಗಿನಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ಪುರಸೊತ್ತು ಸಿಗಲಿಲ್ಲ ಎನ್ನುತ್ತೇನೆ, ಅದು ಅರ್ಧ ಖರೆ. ನಿವೃತ್ತಿಯಾದ ಮೇಲೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ. ಒಬ್ಬಳಿಗೆ ಅಡಿಗೆ ಮಾಡುವುದು ಕೈಗೆ ಹತ್ತಲೇ ಇಲ್ಲ. ದಿನಾ ಅಳತೆ ತಪ್ಪುತ್ತಿತ್ತು. ಉಳಿದ ಸಾರು ಪಲ್ಲೆ ಹಿಡಿದುಕೊಂಡು ಅಕ್ಕಪಕ್ಕದ ಬಾಗಿಲು ಬಡಿಯುತ್ತಿದ್ದೆ. ಕೊನೆಕೊನೆಗೆ ಅವರು ನಾನು ಮೆಟ್ಟಿಲು ಹತ್ತುವುದು ಕಂಡರೇ ಸಾಕು, "ಈಗರ ಉಂಡ್ವಿ ನೋಡ್ರಿ" ಎಂದು ಒಳಗಿನಿಂದಲೇ ಕೂಗುತ್ತಿದ್ದರು.

ಸುಹಾಸಿನಿ ನನ್ನ ಬೋರ್ಡಿಂಗಿನ ಹುಡುಗಿ. ಐದನೆಯ ಇಯತ್ತೆಯಿಂದ ಹತ್ತನೆಯದರ ತನಕ ನಾನು ಬಡಿಸಿದ್ದನ್ನು ಉಂಡು ಬೆಳೆದವಳು. ಮುಂದೆ ದನದ ಡಾಕ್ಟರಿಕೆ ಓದಿದಳು. ಈಗ ಸುಮಾತ್ರಾ ದ್ವೀಪದಲ್ಲಿ ಕಾಡಿನ ಅಂಚಿಗೆ ಇರುವ ಒಂದು ಆಶ್ರಯಕೇಂದ್ರದಲ್ಲಿ ಇದ್ದಾಳೆ. ಕದ್ದು ಮಾರುವವರಿಂದಲೋ, ಮನೆಯಲ್ಲಿ ಕಟ್ಟಿ ಸಾಕಿದವರಿಂದಲೋ ಬಿಡಿಸಿ ತಂದ ಕಾಡುಪ್ರಾಣಿಗಳನ್ನು ಅಲ್ಲಿ ಆರೈಕೆ ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಒಂದು ದಿನ ಅವಳ ಫೋನು ಬಂತು.

"ಅಕ್ಕೋರ, ಸುಮ್ನ ಮನ್ಯಾಗ ಕುಂತು ಏನ್ ಮಾಡ್ತೀರಿ? ಇಲ್ಲೆ ಬರ್ರಿ. ಸೇವಾ ಮಾಡೋ ಮಂದಿ ಬೇಕಾಗ್ಯಾರ. ಉಣಸೋದನ್ನ ನಿಮಗ ಯಾರರ ಹೇಳಿಕೊಡಬೇಕೇನ್ರಿ?"

ಆ ಕೊನೆಯ ಮಾತನ್ನು ಆಡಿದ್ದಕ್ಕೆ ಆಕೆ ಆಮೇಲೆ ಬಹಳ ಸಲ ನಾಲಿಗೆ ಕಚ್ಚಿಕೊಂಡಿರಬೇಕು.

ಇಳಿದ ಕೂಡಲೆ

ಪರದೇಶಕ್ಕೆ ಹೋಗುವಾಗ ಏನು ಒಯ್ಯಬಾರದು ಎಂದು ಸುಹಾಸಿನಿ ಉದ್ದ ಪಟ್ಟಿ ಹೇಳಿದ್ದಳು. ಖಡಕ್ ರೊಟ್ಟಿಯ ಹೆಸರು ಅದರಲ್ಲಿ ಇರಲಿಲ್ಲ, ಹಾಗಾಗಿ ಅರವತ್ತು ಒಯ್ದೆ. ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ ಒಬ್ಬ ಅವನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ತಟ್ಟಿ ನೋಡಿದ. ಅದು ಟಕಟಕ ಅಂದದ್ದಕ್ಕೆ ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿ ನೋಡಿದರು. ತಿನ್ನುವ ವಸ್ತು ಎಂದು ಅವರಿಗೆ ಹೇಗೆ ತಿಳಿಸಬೇಕು? ಒಂದನ್ನು ಮುರಿದು, ಮೇಲೆ ಶೇಂಗಾ ಹಿಂಡಿ ಉದುರಿಸಿ, ನಾನೇ ಕರುಂ ಕರುಂ ತಿಂದು ತೋರಿಸಿದೆ. ಇನ್ನೊಂದು ತುಂಡು ಅವನ ಕೈಗೂ ಕೊಟ್ಟೆ. ಪಾಪ, ಕೆಲಸದ ಹೊತ್ತಿನಲ್ಲಿ ತಿನ್ನಬಾರದೆಂದು ತಲೆ ಅಲ್ಲಾಡಿಸಿದ. "ಇರಲಿ ತಗೋರಿ, ಒಂದ ತುಣಕಿಗೆ ಏನಾಗಂಗಿಲ್ಲ" ಎಂದೆ. ನನ್ನ ಹಿಂದಿನ ಸಾಲಿನವರು ಗೊಣಗತೊಡಗಿದ್ದರಿಂದ ಅವನು ಕೈಮುಗಿದು ನನ್ನನ್ನು ರೊಟ್ಟಿಸಮೇತ ಆಚೆ ಕಳಿಸಿದ.

ಮೊದಲ ದಿನ ಕೇಂದ್ರದಲ್ಲಿ ಅರೆಹೊಟ್ಟೆಯಲ್ಲಿ ಮಲಗಿದೆ. ಆ ಕಡೆ ಊಟಕ್ಕೆ ಬಡಿಸುವ ಪದ್ಧತಿ ಇಲ್ಲ. ಅನ್ನ, ಮೀನು, ಎಲೆಪಲ್ಲೆ, ಖಾರದ ಗೊಜ್ಜು ಎಲ್ಲವನ್ನೂ ನಡುವೆ ಇಟ್ಟು ಕೂಡುತ್ತಾರೆ, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಬೇಕು. ನಾನು ಹೊಸಬಳು, ಒಂದು ಚಮಚ ಹಾಕಿಕೊಂಡು ಕೂತೆ. ಅಡಿಗೆಯ ಇಬು ಸಾರಿ ಎಂಬಾಕೆ ಇನ್ನೂ ಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದರು. ಇಬು ಎಂದರೆ ಅಲ್ಲಿ ತಾಯಿ, ಹಿರಿಯ ಹೆಂಗಸರಿಗೆಲ್ಲ ಹಾಗೇ ಅನ್ನುತ್ತಾರೆ. ನಾನು ಮರ್ಯಾದೆಗೆ ಬೇಡ ಎಂದೆ. ನಮ್ಮಲ್ಲಾದರೆ ಬೇಡ ಎಂದವರಿಗೆ ಒಂದು ಸೌಟು ಬೀಳುತ್ತದೆ, ಸಾಕು ಎಂದವರಿಗೆ ಇನ್ನೊಂದು, ಎಲೆಗೆ ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿಯಿಂದಲಾದರೂ ಮತ್ತೊಂದು. ಇಬು ಸಾರಿ ನಕ್ಕು ಪಾತ್ರೆ ಮುಚ್ಚಿ ಒಳಗೆ ಒಯ್ದುಬಿಟ್ಟರು. ಬೇಡ ಎಂದರೆ ಬೇಡ ಎಂದೇ ತಿಳಿಯುವ ಮಂದಿಯನ್ನು ನಾನು ನೋಡಿದ್ದು ಅದೇ ಮೊದಲು. ಕೋಣೆಗೆ ಹೋಗಿ ಎರಡು ರೊಟ್ಟಿ ತಿಂದೆ.

ಹಾಗೆಂದು ಅವರಿಗೆ ಊಟದ ಚಿಂತೆ ಇಲ್ಲವೆಂದಲ್ಲ. ಎದುರು ಸಿಕ್ಕರೆ ಮೊದಲ ಮಾತೇ "ಸುದಾ ಮಾಕಾನ್?" ಊಟ ಆಯಿತೇ ಎಂದು ಅರ್ಥ. ಅದನ್ನು ಕೇಳಿದ ದಿನ ನನಗೆ ಉಣಕಲ್ಲಿನಲ್ಲಿರುವ ನನ್ನ ಅಕ್ಕನ ಮನೆಯ ಕಟ್ಟೆ, ಅಲ್ಲಿ ಹೋಗಿಬರುವವರ "ಊಟ ಆತೇನ್ರಿ" ನೆನಪಾಯಿತು. ಕೇಳುವುದೇನೋ ನಮ್ಮ ಹಾಗೆಯೇ ಕೇಳುತ್ತಾರೆ, ಆದರೆ ಆಗಿಲ್ಲ ಎಂದರೂ ಎಳೆದು ಕೂಡಿಸುವುದಿಲ್ಲ.

ಮೊದಲ ವಾರ

ಕೇಂದ್ರದ ಬಾಗಿಲಲ್ಲೇ ಒಂದು ಪಂಜರ. ಅದರಲ್ಲಿ ವಯಸ್ಸಾದ ಮಂಗಟ್ಟೆ ಹಕ್ಕಿ ಒಂದಿತ್ತು. ದಾಂಡೇಲಿಯ ಕಡೆ ಇರುವ ಜಾತಿಯದೇ, ದೊಡ್ಡ ಹಳದಿ ಕೊಕ್ಕು, ಅದರ ಮೇಲೆ ಇನ್ನೊಂದು ಅರ್ಧ ಕೊಕ್ಕು ಇಟ್ಟಂತೆ. ಯಾರೇ ಹೋಗಲಿ, ಜಾಳಿಗೆಗೆ ಬಂದು ಆತು ನಿಂತು ಕತ್ತು ಮುಂದೆ ಮಾಡುತ್ತಿತ್ತು. ಎಷ್ಟು ಸುಖವಾಗಿ ಇದೆ ಎಂದುಕೊಂಡು ನಾನೂ ಅದರ ಕತ್ತು ಸವರಿದೆ.

ನನಗೆ ಒಪ್ಪಿಸಿದ್ದು ಅದೇ ಜಾತಿಯ ಒಂದು ಮರಿಯನ್ನು. ಹನ್ನೊಂದನೆಯ ನಂಬರು. ಹೆಸರು ಇಡುವಂತಿಲ್ಲ. ಯಾರದೋ ಮನೆಯ ಕಿಟಕಿಗೆ ಕಾಲಿಗೆ ದಾರ ಕಟ್ಟಿ ಇಟ್ಟುಕೊಂಡಿದ್ದರಂತೆ. ಬಂದಾಗ ಕಾಲು ಬಾತಿತ್ತು, ಗಾಯ ಮಾಗಿ ಆಗಷ್ಟೇ ರೆಕ್ಕೆ ಬಲಿಯುತ್ತಿತ್ತು.

ಈ ಹಕ್ಕಿಗಳ ಸಂಸಾರ ವಿಚಿತ್ರ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಡುತ್ತದೆ. ಗಂಡು ಹೊರಗೆ ನಿಂತು ಆ ಸೀಳಿನಿಂದ ಹಣ್ಣು ಕೊಡುತ್ತದೆ. ಕೇಂದ್ರದಲ್ಲೂ ಹಾಗೇ ಮಾಡಿದ್ದರು. ಹಲಗೆಯ ಗೋಡೆ, ನಡುವೆ ಒಂದು ಸೀಳು. ನಾವು ತಲೆಯಿಂದ ಕಾಲತನಕ ಕಪ್ಪು ಬಟ್ಟೆ ಹೊದ್ದು, ಹಳದಿ ಬಣ್ಣ ಬಳಿದ ಉದ್ದನೆಯ ಇಕ್ಕಳದಲ್ಲಿ ಹಣ್ಣು ಹಿಡಿದು ಸೀಳಿನಲ್ಲಿ ಚಾಚಬೇಕು. ಮುಖ ಕಾಣಬಾರದು. ತುಟಿ ಎರಡು ಮಾಡಬಾರದು.

"ಮಾತಾಡಿದ್ರ ಅದರ ಹೊಟ್ಟಿ ಕೆಡತೈತೇನವಾ?" ಎಂದು ಸುಹಾಸಿನಿಯನ್ನು ಕೇಳಿದೆ.

"ಹಂಗಲ್ರಿ ಅಕ್ಕೋರ. ಮನಷ್ಯಾರ ದನಿ ಕೇಳಿದ್ರ ಊಟ ಬರತೈತಿ ಅಂತ ಕಲತ್ರ, ನಾಳೆ ಕಾಡಿನ್ಯಾಗ ಯಾರ ಕರದ್ರೂ ಇಳದು ಬರತಾವು. ಕರದಾಂವ ಹಿಡದು ಮಾರತಾನ. ಇದನ್ನ ಹಂಗ ಒಮ್ಮೆ ಮಾರ್ಯಾರ."

ತಿಳಿಯಿತು. ತಿಳಿದದ್ದು ನನ್ನ ತಲೆಗೆ, ಬಾಯಿಗಲ್ಲ. ನಮ್ಮ ಕಡೆ ಮಾತಿಲ್ಲದೆ ಊಟಕ್ಕಿಟ್ಟರೆ ಮನೆಯಲ್ಲಿ ಜಗಳವಾಗಿದೆ ಎಂದು ಲೆಕ್ಕ. ಬೋರ್ಡಿಂಗಿನಲ್ಲಿ ಜ್ವರ ಬಂದ ಹುಡುಗಿಗೆ ಗಂಜಿ ಕುಡಿಸುವಾಗ ಕತೆ ಹೇಳಿ ಹೇಳಿ ನನ್ನ ಗಂಟಲು ಬಿದ್ದದ್ದುಂಟು. ಇಲ್ಲಿ ಕಪ್ಪು ಬಟ್ಟೆಯೊಳಗೆ ಬೆವರುತ್ತ, ಬಾಯಿಗೆ ಸೆರಗು ತುರುಕಿಕೊಂಡು, ಕಳ್ಳಿಯ ಹಾಗೆ ಹಣ್ಣು ಚಾಚುತ್ತಿದ್ದೆ. ಮರಿ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ಮೇಲಕ್ಕೆ ಎಸೆದು, ಗಂಟಲಿಗೇ ಬೀಳಿಸಿಕೊಳ್ಳುತ್ತಿತ್ತು. ಒಮ್ಮೆ ಗುರಿ ತಪ್ಪಿ ಪಪ್ಪಾಯಿಯ ಹೋಳು ಅದರ ತಲೆಯ ಮೇಲೆ ಕೂತಿತು. ನಗು ತಡೆಯಲು ನನಗೆ ಪ್ರಾಣ ಹೋಗಿ ಬಂತು.

ದಿನಾ ಮಧ್ಯಾಹ್ನ ಮಳೆ. ಮಳೆ ನಿಂತ ಕೂಡಲೆ ಜಿಗಣೆ. ಕಾಲಿಗೆ ಉಪ್ಪು ಸವರಿಕೊಂಡು ಓಡಾಡುತ್ತಿದ್ದೆ. ಬಚ್ಚಲಲ್ಲಿ ದೊಡ್ಡ ತೊಟ್ಟಿಯಿಂದ ತಂಬಿಗೆಯಲ್ಲಿ ಮೊಗೆದು ಸ್ನಾನ. ಅದೊಂದು ಮಾತ್ರ ಊರಿನ ಹಾಗೇ ಇತ್ತು.

ಮೂರನೆಯ ವಾರ

ಹನ್ನೊಂದನೆಯ ನಂಬರನ್ನು ದೊಡ್ಡ ಜಾಳಿಗೆಯ ಮನೆಗೆ ಬಿಟ್ಟರು. ಒಳಗೇ ಮರಗಳಿದ್ದವು, ಹಾರಲು ಜಾಗವಿತ್ತು, ಒಂದು ಬದಿಗೆ ಮೊದಲಿನಂತೆ ಸೀಳು ಬಿಟ್ಟ ಹಲಗೆಯ ಗೋಡೆ. ಕೊಂಬೆಗಳ ಮೇಲೆ ಅತ್ತಿಹಣ್ಣಿನ ಗೊಂಚಲು ಕಟ್ಟಿ, ಇಕ್ಕಳದ ಊಟವನ್ನು ದಿನಕ್ಕಿಷ್ಟು ಕಡಿಮೆ ಮಾಡಬೇಕು. ಹಸಿದರೆ ತಾನೇ ಹುಡುಕಿಕೊಳ್ಳುತ್ತದೆ, ಹುಡುಕಲು ಕಲಿತರೆ ಕಾಡಿನಲ್ಲಿ ಬದುಕುತ್ತದೆ. ಗೋಡೆಯ ಮೇಲೆ ಬರೆದು ಅಂಟಿಸಿದ್ದರು, ಇಂಥ ದಿನ ಇಷ್ಟು ಹೋಳು, ಮರುದಿನ ಇಷ್ಟು.

ಮೂರನೆಯ ದಿನ ಅದು ಕೊಂಬೆಯ ಮೇಲೆ ಸಪ್ಪಗೆ ಕೂತಿತ್ತು. ಕಟ್ಟಿದ ಅತ್ತಿಹಣ್ಣು ಹಾಗೇ ಇತ್ತು. ನಾನು ಸೀಳಿನ ಹತ್ತಿರ ಬರುವುದನ್ನೇ ಕಾಯುತ್ತ ಇತ್ತ ನೋಡುತ್ತಿತ್ತು. ಅವತ್ತಿನ ಪಾಲು ಮುಗಿದಿತ್ತು. ಇದೆಂಥ ವೈದ್ಯ, ಉಪವಾಸ ಕೆಡವಿ ಬದುಕುವುದನ್ನು ಕಲಿಸುವುದು ಎಂದು ನನಗೆ ಸಿಟ್ಟು ಬಂತು. ಬೋರ್ಡಿಂಗಿನಲ್ಲಿ ಒಂದು ಹುಡುಗಿ ಅರೆಹೊಟ್ಟೆಯಲ್ಲಿ ಎದ್ದರೆ ಅವತ್ತು ನನಗೆ ನಿದ್ದೆ ಇರುತ್ತಿರಲಿಲ್ಲ. ಸಂಜೆ ಎಲ್ಲರೂ ಚಹಕ್ಕೆ ಹೋದಾಗ ಒಂದು ಪಪ್ಪಾಯಿ ಹೋಳು ಕೈಯಲ್ಲೇ ಹಿಡಿದು ಹೋದೆ. ಕಪ್ಪು ಬಟ್ಟೆ ಹೊದೆಯಲಿಲ್ಲ. ಇಕ್ಕಳ ಒಯ್ಯಲಿಲ್ಲ.

"ಬಾರೋ ಗುಂಡ್ಯಾ. ಬಾ ನನ್ನ ರಾಜಾ. ಇದೊಂದ ತುತ್ತ ಉಂಡ ಹೋಗು."

ಹೆಸರು ಯಾವಾಗ ಇಟ್ಟೆನೋ ನನಗೇ ಗೊತ್ತಿಲ್ಲ, ಬಾಯಿಗೆ ಬಂದದ್ದು ಅದು. ಮೊದಲ ದಿನ ಅವನು ಅನುಮಾನಪಟ್ಟ. ಎರಡನೆಯ ದಿನ ಹತ್ತಿರ ಬಂದ. ಮೂರನೆಯ ದಿನ ನಾನು ಬಾಯಿ ತೆರೆಯುವ ಮೊದಲೇ ರೆಕ್ಕೆ ಸದ್ದು ಮಾಡುತ್ತ ಹಾರಿ ಬಂದು ನನ್ನೆದುರಿನ ಕೊಂಬೆಯ ಮೇಲೆ ಕೂತ. ಅಷ್ಟು ದೊಡ್ಡ ಕೊಕ್ಕು, ನನ್ನ ಬೆರಳಿಗೆ ತಾಗದಂತೆ ಎಷ್ಟು ನಾಜೂಕಾಗಿ ಹಣ್ಣು ತೆಗೆದುಕೊಳ್ಳುತ್ತಿದ್ದ. ನಿವೃತ್ತಿಯಾದ ಮೇಲೆ ನನ್ನನ್ನು ಕಂಡು ಓಡಿ ಬಂದ ಜೀವ ಅದೊಂದೇ. ಆ ಸಂಜೆಗಳಲ್ಲಿ ನಾನು ಬಹಳ ಸಂತೋಷವಾಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ಬೆಳಿಗ್ಗೆ ಸುಹಾಸಿನಿ ಜಾಳಿಗೆಯ ಮನೆಯ ಬದಿಯಲ್ಲಿ ನಿಂತು ಏನೋ ಬರೆದುಕೊಳ್ಳುತ್ತಿದ್ದಳು. ಕಟ್ಟಿದ ಹಣ್ಣು ಯಾಕೆ ಖರ್ಚಾಗುತ್ತಿಲ್ಲ ಎಂಬ ಚಿಂತೆ ಅವಳಿಗೆ. ನಾನು ಅಲ್ಲಿಂದ ಹಾಯ್ದು ಹೋಗುತ್ತ, ನಾಷ್ಟಾ ಆಯಿತೇನವಾ ಎಂದು ಎಂದಿನಂತೆ ಕೇಳಿದೆ. ಅಷ್ಟೇ ಸಾಕಾಯಿತು. ಆ ತುದಿಯಲ್ಲಿದ್ದ ಗುಂಡ್ಯಾ ನನ್ನ ದನಿ ಕೇಳಿ ಇಡೀ ಮನೆಯನ್ನು ದಾಟಿ ಹಾರಿ ಬಂದು, ನನ್ನ ಮುಖದೆದುರು ಜಾಳಿಗೆಗೆ ಜೋತುಬಿದ್ದು ಬಾಯಿ ತೆರೆದ.

ಸುಹಾಸಿನಿ ಪೆನ್ನು ಮುಚ್ಚಿದಳು. "ಎಷ್ಟ ದಿನದಿಂದ ನಡದೈತ್ರಿ ಇದು?"

"ಒಂದ ಹೋಳ ಅಷ್ಟ, ಸುಹಾಸಿನಿ. ಹಸದಿತ್ತು."

"ಎಷ್ಟ ದಿನಾ ಅಂತ ಕೇಳಿದ್ನಿರಿ."

"ಒಂಬತ್ತ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡುತ್ತಿದ್ದೆ. ನನ್ನ ಕೈ ಹಿಡಿದು ಬಾಗಿಲ ಬಳಿಯ ಪಂಜರಕ್ಕೆ ಕರೆದುಕೊಂಡು ಹೋದಳು. ಮುದಿ ಹಕ್ಕಿ ಎಂದಿನಂತೆ ಬಂದು ಜಾಳಿಗೆಗೆ ಆತು ಕತ್ತು ಚಾಚಿತು.

"ಇದಕ್ಕ ಏನ್ ಕಾಯಿಲಿ ಐತಂತ ತಿಳಕೊಂಡೀರಿ? ಏನೂ ಇಲ್ರಿ. ರೆಕ್ಕಿ ಗಟ್ಟಿ ಅದಾವು. ಕರದ್ರ ಬರತೈತಿ, ಅದಷ್ಟ ಇದರ ರೋಗ. ಎರಡ ಸಲ ಕಾಡಿಗೆ ಬಿಟ್ವಿ, ಎರಡೂ ಸಲ ಯಾರದೋ ಅಂಗಳದಾಗ ಇಳದು ಸಿಕ್ಕೊಂತು. ಇನ್ನ ಸಾಯೋತನಕ ಇಲ್ಲೇರಿ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಹನ್ನೊಂದನೇದೂ ಹಿಂಗ ಆದ್ರ, ಇದರ ಬಾಜೂಕ ಇನ್ನೊಂದ ಪಂಜರ ಕಟ್ಟಬೇಕಾಗತೈತಿ ಅಕ್ಕೋರ."

ಆ ಹಕ್ಕಿ ನನ್ನ ಸೀರೆಯ ಅಂಚನ್ನು ಕೊಕ್ಕಿನಿಂದ ಮೆಲ್ಲಗೆ ಎಳೆಯುತ್ತಲೇ ಇತ್ತು. ಅದರ ಕತ್ತು ಸವರಲು ನನಗೆ ಕೈ ಬರಲಿಲ್ಲ.

ಒಗೆಯುವ ಕಟ್ಟೆ

ತೀರ್ಮಾನವಾಯಿತು. ಮೂರು ವಾರ ಹನ್ನೊಂದನೆಯ ನಂಬರಿನ ಕಣ್ಣಿಗೆ ನಾನು ಬೀಳಬಾರದು, ಕಿವಿಗೂ ಬೀಳಬಾರದು. ಊಟ ಬರೆದಷ್ಟೇ. ಮೂರು ವಾರದ ಮೇಲೆ ಹೊಳೆಯ ಆಚೆ ಕಾಡಿಗೆ ಒಯ್ದು ಬಿಟ್ಟು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಕಾಡು, ಇಲ್ಲದಿದ್ದರೆ ಪಂಜರ. ನನ್ನನ್ನು ಊರಿಗೆ ಕಳಿಸಿಬಿಡು ಎಂದೆ. ಸುಹಾಸಿನಿ ಒಪ್ಪಲಿಲ್ಲ. ಕಾರಣ ಅವತ್ತು ಹೇಳಲೂ ಇಲ್ಲ.

ನನ್ನನ್ನು ಹೊಳೆಯ ದಂಡೆಯ ಒಗೆಯುವ ಕಟ್ಟೆಗೆ ಹಾಕಿದರು. ಮರಿಗಳಿಗೆ ಹಾಸುವ ಚಾದರ, ಟಾವೆಲ್ಲು, ಕಪ್ಪು ಬಟ್ಟೆಗಳು ರಾಶಿ ಬೀಳುತ್ತಿದ್ದವು. ಜೊತೆಗೆ ಇಬು ಸಾರಿ. ನಾನು ಕನ್ನಡದಲ್ಲಿ ಮಾತಾಡುತ್ತಿದ್ದೆ, ಅವರು ಅವರ ಭಾಷೆಯಲ್ಲಿ. ಗುರು ಅಂದರೆ ಅವರಿಗೂ ಗುರು, ಗಜ ಅಂದರೆ ಅವರಿಗೂ ಆನೆ. ಉಳಿದದ್ದಕ್ಕೆ ಕೈಸನ್ನೆ ಇತ್ತು. ಮೊದಲ ಎರಡು ದಿನ ಪಿಸುಮಾತಿನಲ್ಲೇ ಮಾತಾಡಿದೆ. ಇಷ್ಟು ದೂರ ಕೇಳುವುದಿಲ್ಲ ಎಂದು ಅವರು ನಗುತ್ತ ಕಿವಿ ಮುಟ್ಟಿ ತೋರಿಸಿದರು. ನನಗೆ ನಂಬಿಕೆ ಬರಲಿಲ್ಲ.

ನನ್ನ ದನಿ ಅವನಿಗೆ ಕೇಳಿಸಲಿಲ್ಲ ನಿಜ, ಅವನ ದನಿ ನನಗೆ ಕೇಳಿಸುತ್ತಿತ್ತು. ಸಂಜೆ, ಸರಿಯಾಗಿ ನಾನು ಹಣ್ಣು ಒಯ್ಯುತ್ತಿದ್ದ ಹೊತ್ತಿಗೆ, ಜಾಳಿಗೆಯ ಮನೆಯ ಕಡೆಯಿಂದ ಕೂಗು ಬರುತ್ತಿತ್ತು. ಹೇಂಟೆ ಕೇಕೆ ಹಾಕಿದಂಥ ಕೂಗು. ಸ್ವಲ್ಪ ತಡೆದು ಮತ್ತೆ, ಮತ್ತೆ. ನಾನು ಒದ್ದೆ ಚಾದರವನ್ನು ಹಿಂಡುತ್ತ ಕೂಡುತ್ತಿದ್ದೆ. ಎದ್ದು ಹೋಗಬೇಕು ಅನ್ನಿಸುತ್ತಿತ್ತು. ಒಂದು ಸಲ ಅರ್ಧ ದಾರಿ ಹೋಗಿ ತಿರುಗಿ ಬಂದೆ.

ಹೀಗೆ ತಿರುಗಿ ಬಂದದ್ದು ನನಗೆ ಮೊದಲ ಸಲವಲ್ಲ. ಬೋರ್ಡಿಂಗಿನಲ್ಲಿ ರತ್ನಾ ಎಂಬ ಹುಡುಗಿ ಇದ್ದಳು. ಆರು ವರ್ಷದವಳಿದ್ದಾಗ ತಾಯಿ ತೀರಿಕೊಂಡು ನಮ್ಮಲ್ಲಿಗೆ ಬಂದವಳು. ಸೂಟಿಗೆ ಎಲ್ಲ ಹುಡುಗಿಯರೂ ಊರಿಗೆ ಹೋದರೆ ಅವಳನ್ನು ಕರೆದೊಯ್ಯಲು ಯಾರೂ ಬರುತ್ತಿರಲಿಲ್ಲ. ಬೇಸಿಗೆಯ ಎರಡು ತಿಂಗಳು ಆ ದೊಡ್ಡ ಕಟ್ಟಡದಲ್ಲಿ ನಾನು, ಅವಳು ಇಬ್ಬರೇ. ನನ್ನ ಹಾಸಿಗೆಯಲ್ಲೇ ಮಲಗುತ್ತಿದ್ದಳು. ಏಳು ವರ್ಷ ಹೀಗೇ. ಆಮೇಲೆ ಒಂದು ದಿನ ಇಚಲಕರಂಜಿಯಿಂದ ಅವಳ ಸೋದರಮಾವ ಬಂದ. ಒಳ್ಳೆಯ ಮನುಷ್ಯ. ಇಷ್ಟು ದಿನ ಕಷ್ಟದಲ್ಲಿದ್ದೆ, ಈಗ ನನ್ನ ಮಕ್ಕಳ ಜೊತೆಗೆ ಇವಳನ್ನೂ ಬೆಳೆಸುತ್ತೇನೆ ಎಂದ. ಬೇಡ ಅನ್ನಲು ನಾನು ಯಾರು? ಅವನಿಗೆ ಹುಬ್ಬಳ್ಳಿಯಲ್ಲಿ ಏನೋ ಕೆಲಸವಿತ್ತು, ಮೊದಲು ಅಲ್ಲಿಯ ಬಸ್ಸು ಹತ್ತಿದರು. ಅವಳು ನನ್ನ ಕೈ ಬಿಡಲಿಲ್ಲ. ನಾನೂ ಹತ್ತಿ ಕೂತೆ. ಹುಬ್ಬಳ್ಳಿಯತನಕ ಹೋಗಬೇಕೆಂದಿದ್ದೆ, ಆದರೆ ದೂರ ಹೋದಷ್ಟೂ ಅವಳ ಹಿಡಿತ ಗಟ್ಟಿಯಾಗುತ್ತಿತ್ತು. ರಾಯಾಪುರದಲ್ಲಿ ಇಳಿದುಬಿಟ್ಟೆ.

ವಾರಕ್ಕೊಂದು ಪತ್ರ ಬರೆದೆ. ಪತ್ರದ ತುಂಬ ಏನಿರುತ್ತಿತ್ತು ಎಂದು ಕೇಳಬೇಡಿ, ಉಂಡೆಯಾ, ಏನು ಉಂಡೆ, ಎಷ್ಟು ಉಂಡೆ. ಎರಡು ತಿಂಗಳ ಮೇಲೆ ಮಾವನಿಂದ ಒಂದು ಕಾಗದ ಬಂತು. "ನಿಮ್ಮ ಪತ್ರ ಬಂದ ದಿನ ಹುಡುಗಿ ಎರಡ ದಿನ ಉಣ್ಣಂಗಿಲ್ರಿ ಬಾಯಾರ. ಇಲ್ಲಿ ಮನಸ ಹತ್ತವಲ್ದು. ತಪ್ಪ ತಿಳಕೋಬ್ಯಾಡ್ರಿ, ಸ್ವಲ್ಪ ದಿನ ಬರೀಬ್ಯಾಡ್ರಿ." ನಾನು ಬರೆಯಲಿಲ್ಲ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳಿಗೀಗ ಮೂವತ್ತು ದಾಟಿರಬೇಕು. ಅವಳು ಹೇಗಿದ್ದಾಳೋ ನೋಡಬೇಕೆಂಬ ಆಸೆ ಒಂದು ದಿನವೂ ನನ್ನನ್ನು ಬಿಟ್ಟಿಲ್ಲ.

ಈ ಕತೆಯನ್ನೆಲ್ಲ ಇಬು ಸಾರಿಗೆ ಕನ್ನಡದಲ್ಲಿ ಹೇಳಿದೆ. ಏನು ತಿಳಿಯಿತೋ, ತಮ್ಮ ಒದ್ದೆ ಕೈಯಿಂದ ನನ್ನ ಬೆನ್ನು ಸವರಿದರು. ಆಮೇಲೆ ಇಬ್ಬರೂ ಉಳಿದ ಚಾದರಗಳನ್ನು ಒಗೆದೆವು.

ಏಳನೆಯ ಸಂಜೆಯೋ ಎಂಟನೆಯ ಸಂಜೆಯೋ ಆ ಕೂಗು ಬರಲಿಲ್ಲ. ಮಳೆಯಿಂದ ಕೇಳುತ್ತಿಲ್ಲ ಎಂದುಕೊಂಡೆ. ಮರುದಿನ ಮಳೆ ಇರಲಿಲ್ಲ, ಕೂಗೂ ಇರಲಿಲ್ಲ. ಕೂಗದಿರಲಿ ಎಂದು ದಿನಾ ಪ್ರಾರ್ಥನೆ ಮಾಡಿದವಳು ನಾನೇ. ಅವತ್ತು ಊಟ ಸೇರಲಿಲ್ಲ. ಇಬು ಸಾರಿ ಪಾತ್ರೆ ಮುಂದೆ ಸರಿಸಿದರು, ಬೇಡ ಎಂದೆ, ಮುಚ್ಚಿ ಒಯ್ದರು.

ಹೊಳೆಯ ಆಚೆ

ಹೊಳೆಯ ಆಚೆಯ ಕಾಡಿನಲ್ಲಿ ಮರದ ಮೇಲೆ ಅಟ್ಟಣಿಗೆ ಕಟ್ಟಿ, ಅವನನ್ನು ಅಲ್ಲಿಂದ ಬಿಟ್ಟು ನಾಲ್ಕು ದಿನವಾಗಿತ್ತು. ತಾನೇ ಹಣ್ಣು ಹುಡುಕಿ ತಿನ್ನುತ್ತಿದ್ದಾನೆ, ಕಾಡಿನ ಹಕ್ಕಿಗಳ ಗುಂಪೊಂದರ ಹಿಂದೆ ಹಿಂದೆ ಹೋಗುತ್ತಿದ್ದಾನೆ ಎಂದು ಸುದ್ದಿ. ನಾನು ಊರಿಗೆ ಹೊರಡಲು ಎರಡೇ ದಿನ ಉಳಿದಿತ್ತು. ಬೆಳಿಗ್ಗೆ ಸುಹಾಸಿನಿ ಒಗೆಯುವ ಕಟ್ಟೆಗೆ ಬಂದಳು. ಕೈಯಲ್ಲಿ ಪಪ್ಪಾಯಿಯ ಒಂದು ದೊಡ್ಡ ಹೋಳು.

"ನಡೀರಿ ಅಕ್ಕೋರ. ಇವತ್ತ ಪರೀಕ್ಷಾ. ನೀವು ಕರೀಬೇಕು."

ಹಿಂಡುತ್ತಿದ್ದ ಚಾದರವನ್ನು ಕೆಳಗಿಟ್ಟೆ. "ನಾ ಒಲ್ಲೆ. ಬ್ಯಾರೆ ಯಾರ ಕಡಿಂದರ ಕರಸು."

"ಬ್ಯಾರೇದವರಿಗೆ ಅದು ಮೊದಲಿಂದಾನೂ ಬರಂಗಿಲ್ರಿ. ಬಂದ್ರ ನಿಮಗ ಬರತೈತಿ. ಅದಕ್ಕ ನಿಮ್ಮನ್ನ ಊರಿಗೆ ಕಳಸಲಿಲ್ಲ."

ದೋಣಿಯಲ್ಲಿ ದಾಟಿದೆವು. ಇಬ್ಬರು ಕೆಲಸಗಾರರು ಬಲೆ ಹಿಡಿದು ಪೊದೆಯ ಹಿಂದೆ ಕೂತರು. ಅವನು ನನ್ನ ಕೈಗೆ ಬಂದರೆ ಹಿಡಿದುಕೊಂಡು ಹೋಗಬೇಕು, ಮತ್ತೆ ಬಿಡುವ ಮಾತಿಲ್ಲ. ಬಾಗಿಲ ಬಳಿಯ ಪಂಜರದ ಪಕ್ಕದಲ್ಲಿ ಜಾಗ ಅಳೆದದ್ದನ್ನು ನಾನೇ ಹಿಂದಿನ ದಿನ ಕಣ್ಣಾರೆ ನೋಡಿದ್ದೆ. ಎತ್ತರದ ಅತ್ತಿಮರದ ಮೇಲೆ ಐದಾರು ಹಕ್ಕಿಗಳಿದ್ದವು. ಸುಹಾಸಿನಿ ದುರ್ಬೀನಿನಲ್ಲಿ ನೋಡಿ ಕಾಲಿನ ಉಂಗುರದಿಂದ ಗುರುತು ಹಿಡಿದಳು. ನನಗೆ ಉಂಗುರ ಬೇಕಾಗಲಿಲ್ಲ. ಹಣ್ಣನ್ನು ಎಸೆದು ಹಿಡಿಯುವ ರೀತಿಯಲ್ಲೇ ಗೊತ್ತಾಯಿತು.

ಬಯಲಿಗೆ ಬಂದು ಕೈ ಚಾಚಿ ನಿಂತೆ. "ಬಾರೋ ಗುಂಡ್ಯಾ" ಎಂದೆ. ನನ್ನ ಪಕ್ಕದಲ್ಲಿ ನಿಂತವರಿಗೂ ಕೇಳಬಾರದು, ಹಾಗೆ ಅಂದೆ.

"ಅಕ್ಕೋರ," ಹಿಂದಿನಿಂದ ಸುಹಾಸಿನಿಯ ದನಿ. "ಊಟದ ಗಂಟಿ ಹೊಡದ ಮ್ಯಾಲ ನಮ್ಮನ್ನ ಹಿಂಗ ಕರೀತಿದ್ರೇನ್ರಿ? ನಾಟಕ ಮಾಡಬ್ಯಾಡ್ರಿ. ಈಗ ನೀವು ಮೋಸ ಮಾಡಿದ್ರ, ನಾಳೆ ಯಾವನೋ ಗಟ್ಟಿಯಾಗಿ ಕರದಾಗ ಅದು ಇಳದು ಹೋಗತೈತಿ. ಅವಾಗ ಇಲ್ಲಿ ನೀವೂ ಇರಂಗಿಲ್ಲ, ನಾನೂ ಇರಂಗಿಲ್ಲ."

ಅವಳಿಗೆ ಮನಸ್ಸಿನಲ್ಲಿ ಶಾಪ ಹಾಕಿದೆ. ಗಟ್ಟಿಯಾಗಿ ಕರೆದೆ. "ಬಾರೋ ಗುಂಡ್ಯಾ. ಬಾ ನನ್ನ ರಾಜಾ. ಇದೊಂದ ತುತ್ತ ಉಂಡ ಹೋಗು."

ಮೇಲೆ ಎಲೆ ಅಲ್ಲಾಡಿತು. ಅವನು ಗುಂಪು ಬಿಟ್ಟು ಕೆಳಗಿನ ಕೊಂಬೆಗೆ ಬಂದ. ಅಲ್ಲಿಂದ ಇನ್ನೂ ಕೆಳಗೆ. ಈಗ ಅವನ ಕಣ್ಣು ನನಗೆ ಕಾಣುತ್ತಿತ್ತು. ತಲೆ ಓರೆ ಮಾಡಿ ಹಣ್ಣನ್ನು ನೋಡಿದ, ನನ್ನನ್ನು ನೋಡಿದ. ಪೊದೆಯಲ್ಲಿ ಬಲೆ ಸರಿದ ಸದ್ದಾಯಿತು. ಬರಬೇಡ, ಬರಬೇಡ, ಹೋಗು ಮಾರಾಯಾ ಎಂದು ಒ‍ಳಗೊಳಗೇ ಬೇಡಿಕೊಂಡೆ.

ಮೂರು ಸಲ ಕರೆಯಬೇಕೆಂದು ನಿಯಮ. ಇನ್ನೊಂದು ಬಾಕಿ ಇತ್ತು.

ಆ ಮೂರನೆಯ ಸಲದ ಬಗ್ಗೆ ನಾನು ಸುಹಾಸಿನಿಗೂ ಹೇಳಿಲ್ಲ. ಬಾಯಿ ತೆರೆದಾಗ ನನಗೆ ಪಂಜರ ನೆನಪಿರಲಿಲ್ಲ, ಬಲೆ ನೆನಪಿರಲಿಲ್ಲ. ಅವನು ಅಷ್ಟು ಹತ್ತಿರ ಇದ್ದ. ಇನ್ನು ಎರಡು ದಿನಕ್ಕೆ ನಾನು ಆ ಎರಡು ಕೋಣೆಯ ಮನೆಗೆ ತಿರುಗಿ ಹೋಗಬೇಕಿತ್ತು. ಬರಲಿ ಎಂದೇ ಕರೆದೆ. ಜೀವಮಾನದಲ್ಲಿ ಯಾರನ್ನೂ ಹಾಗೆ ಕರೆದಿಲ್ಲ. ದನಿ ಒಡೆದು ಕಾಡೆಲ್ಲ ಕೇಳಿಸಿತು.

ಅವನು ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಮೇಲಿನಿಂದ ಗುಂಪಿನ ಕೂಗು ಕೇಳಿತು. ಅವನು ಆ ಕಡೆ ತಿರುಗಿ, ರೆಕ್ಕೆ ಬಿಚ್ಚಿ, ಭರಭರ ಸದ್ದು ಮಾಡುತ್ತ ಮೇಲೆ ಹೋದ. ಗುಂಪೂ ಎದ್ದಿತು. ಮರಗಳ ಆಚೆ ಎಲ್ಲವೂ ಮರೆಯಾದವು. ರೆಕ್ಕೆಯ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು.

ಪೊದೆಯ ಹಿಂದಿನವರು ಬಲೆ ಸುತ್ತಿಕೊಂಡು ಎದ್ದು, ನಗುತ್ತ ಚಪ್ಪಾಳೆ ತಟ್ಟಿದರು. ಸುಹಾಸಿನಿ ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳ ಕಣ್ಣಲ್ಲೂ ನೀರಿತ್ತು. ನನಗೆ ಸಂತೋಷವಾಗಿತ್ತು, ಹೌದು. ಅದರ ಜೊತೆಗೆ, ಬಾ ಎಂದು ಕೂಗಿದರೂ ಬರಲಿಲ್ಲವಲ್ಲ ಎಂಬ ನೋವೂ ಇತ್ತು. ಚಾಚಿದ ಕೈಯನ್ನು ನಾನಿನ್ನೂ ಇಳಿಸಿರಲಿಲ್ಲ.

"ಹಣ್ಣ ಇಲ್ಲೆ ಒಗೀಬ್ಯಾಡ್ರಿ ಅಕ್ಕೋರ," ಎಂದಳು ಸುಹಾಸಿನಿ ಮೆಲ್ಲಗೆ. "ಕಾಡಿನ್ಯಾಗ ಏನೂ ಬಿಟ್ಟ ಹೋಗಂಗಿಲ್ಲ."

"ಮತ್ತ ಏನ್ ಮಾಡ್ಲಿ?"

"ನೀವ ತಿನ್ರಿ."

ಅವರೆಲ್ಲ ದೋಣಿಯ ಕಡೆ ಇಳಿದು ಹೋದರು. ನಾನು ಅಲ್ಲೇ, ಅವನು ಹೋದ ದಿಕ್ಕಿಗೆ ಮುಖ ಮಾಡಿ ನಿಂತು, ಅವನ ಪಾಲಿನದನ್ನು ತಿಂದೆ.